ಮಾಸ್ಟರ ಸೊಂಟದ ಅಳತೆ

ಆ ಸಾಲಿನ ಅಂಗಡಿಗಳಿಗೆಲ್ಲ ಸೇರಿ ಇದ್ದದ್ದು ಒಂದೇ ಪಾಯಿಖಾನೆ, ಅದೂ ಹಿಂದಿನ ಗೋಡೆಗೆ ಅಂಟಿಕೊಂಡಂತೆ. ಅಲ್ಲಿಗೆ ಹೋಗಲು ಮೊದಲು ಒಂದು ಕಿರಿದಾದ ಓಣಿ ಇತ್ತು. ಕಟ್ಟಡದ ಮಾಲೀಕನಿಗೆ ಖಾಲಿ ಜಾಗ ಕಂಡರೆ ಕಣ್ಣು ಉರಿ. ಓಣಿಗೂ ತಗಡು ಹೊದಿಸಿ, ಮುಂದೊಂದು ಶಟರ್ ಇಳಿಬಿಟ್ಟು, ಅದನ್ನೂ ಅಂಗಡಿಯೆಂದು ಬಾಡಿಗೆಗೆ ಕೊಟ್ಟುಬಿಟ್ಟ. ಬಾಡಿಗೆಗೆ ಬಂದವನು ಬೇರು, ತೊಗಟೆ, ಪುಡಿ, ಹನಿಮದ್ದು, ಮೀನೆಣ್ಣೆಯ ಗುಳಿಗೆ ಎಲ್ಲ ಮಾರುವವನು. ಸಾಲಿನವರೆಲ್ಲ ಅವನನ್ನು ಬೇರುನಾರಣ್ಣ ಎನ್ನುತ್ತಿದ್ದರು. ಅಂದಿನಿಂದ ಯಾರಿಗೆ ಅವಸರವಾದರೂ ಅವನ ಅಂಗಡಿಯನ್ನು ಈ ತುದಿಯಿಂದ ಆ ತುದಿಗೆ, ಎರಡು ಕಡೆ ಸೀಸೆಗಳ ನಡುವೆ, ಅವನ ಗಿರಾಕಿಗಳ ಮೊಣಕಾಲು ತಾಗಿಸಿಕೊಂಡೇ ದಾಟಬೇಕು.

ಪಕ್ಕದ ದರ್ಜಿ ಅಂಗಡಿಯ ಮಾಸ್ಟರಿಗೆ ಹೃದಯ ಸೋಲುವ ತನಕ ಇದು ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ.

ಸೋತದ್ದು ಒಂದೇ ಏಟಿಗೆ ಅಲ್ಲ. ಕೋಟು ಕತ್ತರಿಸುವಾಗ ಏದುಸಿರು, ಮೆಟ್ಟಿಲು ಹತ್ತಿದರೆ ಎದೆಯೊಳಗೆ ತಿದಿ ಒತ್ತಿದಂತೆ, ಸಂಜೆಯಾದರೆ ಕಾಲು ಬೂಟಿನೊಳಗೆ ಹಿಡಿಸದು. ಆಸ್ಪತ್ರೆಯಲ್ಲಿ ಮಲಗಿಸಿ, ಮೈಯಲ್ಲಿ ನಿಂತಿದ್ದ ನೀರು ತೆಗೆದು, ಮನೆಗೆ ಕಳಿಸುವಾಗ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಹೃದಯ ನಿಂತಿಲ್ಲ, ದಣಿದಿದೆ. ಪೂರ್ತಿ ವಾಸಿ ಮಾಡುವ ಮದ್ದಿಲ್ಲ, ಆದರೆ ಅದರ ಹೊರೆ ಇಳಿಸುವ ಮಾತ್ರೆಗಳಿವೆ. ತಪ್ಪದೆ ನುಂಗಿದರೆ ಇನ್ನೂ ಬಹಳ ಕಾಲ ಕತ್ತರಿ ಹಿಡಿಯಬಹುದು. ಆ ಮಾತ್ರೆಗಳಲ್ಲಿ ಒಂದು ನೀರಿನ ಮಾತ್ರೆ. ಬೆಳಿಗ್ಗೆ ನುಂಗಿದರೆ ಮಧ್ಯಾಹ್ನದವರೆಗೆ ಮೂತ್ರಕ್ಕೆ ಓಡಿಸುತ್ತದೆ. ಉಪ್ಪು ಕಡಿಮೆ ತಿನ್ನಿ ಎಂದರು. ದಿನಾ ಬೆಳಿಗ್ಗೆ ತೂಕ ನೋಡಿ, ಸರಸರನೆ ಏರಿದರೆ ಮೈಯಲ್ಲಿ ನೀರು ತುಂಬುತ್ತಿದೆ ಎಂದರ್ಥ, ತಡಮಾಡದೆ ಬನ್ನಿ ಎಂದೂ ಹೇಳಿದರು. ಪಕ್ಕದಲ್ಲಿದ್ದ ಸಿಸ್ಟರ್ ಮಾಸ್ಟರ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ, ಹೀಗೆ ಒತ್ತಿದಾಗ ಗುಳಿ ಬಿದ್ದು ನಿಂತರೆ ಅದೂ ಗುರುತೇ ಎಂದು ಅವರ ಹೆಂಡತಿಗೆ ತೋರಿಸಿಕೊಟ್ಟಳು.

ಮಾಸ್ಟರ ಹೆಂಡತಿ ಅಂಗಡಿಯಲ್ಲಿ ಕೂತು ಕಾಜಾ ಹೊಲಿಯುವವಳು. ಅಂಗಿ ಕೋಟುಗಳ ಗುಂಡಿಯ ತೂತುಗಳನ್ನೆಲ್ಲ ಕೈಯಲ್ಲೇ ನೂಲು ಸುತ್ತಿ ಕಟ್ಟುತ್ತಿದ್ದಳಾಗಿ ಗಿರಾಕಿಗಳ ಬಾಯಲ್ಲಿ ಅವಳು ಕಾಜಮ್ಮ. ತೂಕದ ಯಂತ್ರ ತರೋಣ ಎಂದು ಅವಳು ಆಸ್ಪತ್ರೆಯ ಬಾಗಿಲಲ್ಲೇ ಮಾತೆತ್ತಿದಳು. ಮಾಸ್ಟರು ನಕ್ಕುಬಿಟ್ಟರು.

"ಹುಟ್ಟಿದಾಗಿಂದ ಊರಿನವರ ಸೊಂಟ ಅಳೀತಾ ಬಂದಿದೀನಿ. ನನ್ನ ಸೊಂಟ ಹೇಳೋಕೆ ನನಗೆ ಮೆಷೀನು ಬೇಕಾ? ಒಂದು ನೂಲು ದಪ್ಪ ಆದ್ರೂ ಪ್ಯಾಂಟು ಹೇಳತ್ತೆ ಕಣೆ."

ಕಾಜಮ್ಮನಿಗೂ ಅದು ಸರಿಯೆನಿಸಿತು. ದರ್ಜಿಯ ಹೆಂಡತಿ ಟೇಪನ್ನು ನಂಬದೆ ಇನ್ಯಾವುದನ್ನು ನಂಬಬೇಕು?

ಅಂಗಡಿ ಮತ್ತೆ ತೆರೆಯಿತು, ಜೊತೆಗೆ ಜಗಳವೂ. ಮಾಸ್ಟರು ಮೊದಲೇ ಮಾನಿಷ್ಠರು. ಗಿರಾಕಿಯ ಎದುರು ಆಕಳಿಸುವುದೂ ಅವಮಾನ ಎಂದುಕೊಂಡವರು. ಅಂಥವರು ಕುತ್ತಿಗೆಗೆ ಟೇಪು ನೇತುಹಾಕಿಕೊಂಡು, ಹಲ್ಲುಕಚ್ಚಿ, ಬೆಳಗಿನ ಹೊತ್ತಿನಲ್ಲಿ ಮತ್ತೆ ಮತ್ತೆ ಬೇರುನಾರಣ್ಣನ ಅಂಗಡಿ ಹಾಯಬೇಕು. ಮೊದಮೊದಲು ಅವನು ಸುಮ್ಮನೆ ಸ್ಟೂಲು ಸರಿಸಿ ದಾರಿ ಬಿಡುತ್ತಿದ್ದ. ಆಮೇಲೆ ಬಾಯಿ ಬಿಡತೊಡಗಿದ. ಮತ್ತೆ ಬಂದ್ರಾ ಮಾಸ್ಟರೇ, ಈಗಷ್ಟೇ ಹೋದ್ರಲ್ಲ ಎನ್ನುವನು. ಎದುರು ಕೂತ ಗಿರಾಕಿಗಳಿಗೆ ಪಾಠ ಮಾಡುವವನಂತೆ, ನೋಡಿ, ಇಂಗ್ಲಿಷ್ ಮದ್ದು ಅಂದ್ರೆ ಇದೇ, ಮೈಯ ಸತ್ವವನ್ನೆಲ್ಲ ಬಸಿದು ಗಟಾರಕ್ಕೆ ಬಿಡುತ್ತೆ ಎನ್ನುವನು. ಗಿರಾಕಿಗಳು ತಲೆಯಾಡಿಸುವರು. ಒಬ್ಬಿಬ್ಬರು ನಗುವರು. ಮಾಸ್ಟರು ಕಿವಿ ಕೆಂಪಗೆ ಮಾಡಿಕೊಂಡು ಹೋಗಿ, ಇನ್ನೂ ಕೆಂಪಗೆ ಮಾಡಿಕೊಂಡು ಬರುವರು.

ಗೋಡೆಯಾಚೆ ಕೂತ ಕಾಜಮ್ಮನಿಗೆ ಇದೆಲ್ಲ ಕೇಳುತ್ತಿತ್ತು. ಒಂದು ದಿನ ಸೂಜಿಯನ್ನು ಅರ್ಧ ಕಾಜಾದಲ್ಲೇ ಬಿಟ್ಟು ಎದ್ದು ಹೋಗಿ ಅವನ ಬಾಗಿಲಲ್ಲಿ ನಿಂತಳು. ಪಾಯಿಖಾನೆ ಎಲ್ಲರದು, ಓಣಿ ಎಲ್ಲರದು, ನಡುವೆ ನೀನು ಬಂದು ಕೂತದ್ದು, ನಿನ್ನ ಸೀಸೆ ಮಾರಲು ನನ್ನ ಗಂಡನ ಮೂತ್ರದ ಜಾಹೀರಾತು ಬೇಡ ಎಂದು ಬೀದಿಗೆ ಕೇಳುವಂತೆ ಅಂದಳು. ಬೇರುನಾರಣ್ಣ ಹುಬ್ಬು ಕೂಡ ಅಲುಗಿಸಲಿಲ್ಲ.

"ಅತ್ತಿಗೆ, ನಿಮಗೆ ಕೋಪ ಬರೋದು ಯಕೃತ್ತಿನ ದೋಷ. ಅದಕ್ಕೂ ಇದೆ ನನ್ನ ಹತ್ರ."

ಅಲ್ಲಿಗೆ ಎಣ್ಣೆ ಸೀಗೆಕಾಯಿಯ ಸಂಬಂಧ ಗಟ್ಟಿಯಾಯಿತು. ಬೆಳಿಗ್ಗೆ ಕಸ ಗುಡಿಸಿದರೆ ಕಾಜಮ್ಮನ ಚಿಂದಿ ಅವನ ಬಾಗಿಲಿಗೆ ಹಾರುವುದು, ಅವನ ತೊಗಟೆ ಚೂರು ಇವಳ ಬಾಗಿಲಿಗೆ ಬರುವುದು. ಮಾತು ನಿಂತರೂ ಪೊರಕೆ ನಿಲ್ಲಲಿಲ್ಲ.

ಆದರೆ ಮಾಸ್ಟರು ನಿಧಾನವಾಗಿ ಆ ಕಡೆ ವಾಲಿದರು. ಅವನು ಕೊಟ್ಟ ಕಂದು ಬಣ್ಣದ ಕಷಾಯದ ಸೀಸೆಯೊಂದು ಕತ್ತರಿಸುವ ಮೇಜಿನ ಕೆಳಗೆ ಬಂತು. ಕಾಜಮ್ಮ ಕಂಡು ಕೇಳಿದಳು. ಮಾತ್ರೆ ನುಂಗುತ್ತಲೇ ಇದ್ದೇನೆ, ಇದು ಶಕ್ತಿಗೆ, ಬರೀ ಬೇರು, ಬೇರಿನಿಂದ ಯಾರಿಗೆ ಏನಾದೀತು ಎಂದರು. ಅವಳು ಗೊಣಗಿದಳು. ಹಾಲೂ ಬೆಳ್ಳಗೆ, ಸುಣ್ಣಾನೂ ಬೆಳ್ಳಗೆ ಎಂದಳು. ಆದರೂ ಆ ದಿನಗಳಲ್ಲಿ ಗಂಡನ ಮುಖ ಅರಳಿದ್ದು ಅವಳಿಗೆ ಕಾಣುತ್ತಿತ್ತು. ಬೆಳಗಿನ ಓಡಾಟ ತಗ್ಗಿತ್ತು. ಗಿರಾಕಿಗಳನ್ನು ಅರ್ಧಕ್ಕೆ ಬಿಟ್ಟೇಳುವುದು ನಿಂತಿತ್ತು. ಮೈ ಮಾತ್ರೆಗೆ ಒಗ್ಗಿಕೊಂಡಿತು ಎಂದು ಅವಳು ತಿಳಿದಳು. ಬೇಡದ ಮನುಷ್ಯನ ಮದ್ದಿನಿಂದ ಒಳ್ಳೆಯದಾಯಿತೋ ಏನೋ ಎಂಬ ಹೊಟ್ಟೆಯುರಿಯೂ ಒಳಗೊಳಗೇ ಇತ್ತು.

ನಿಜಕ್ಕೂ ಮಾಸ್ಟರು ನೀರಿನ ಮಾತ್ರೆಯನ್ನೇ ಬಿಟ್ಟಿದ್ದರು. ಮಿಕ್ಕವನ್ನು ಅವಳ ಕಣ್ಣೆದುರೇ ನುಂಗುವರು. ಆ ಒಂದನ್ನು ಮಾತ್ರ ಅಂಗಡಿಗೆ ಬಂದ ಮೇಲೆ ನುಂಗುತ್ತೇನೆಂದು ಜೇಬಿಗೆ ಹಾಕಿಕೊಂಡು ಬಂದು ಚಿಂದಿ ಬುಟ್ಟಿಗೆ ಬಿಡುವರು. ಚಿಂದಿಯ ಜೊತೆ ಅದೂ ಹೋಗುತ್ತಿತ್ತು.

ಇದು ಬೇರೆ ಯಾರದೇ ಮನೆಯಾಗಿದ್ದರೆ ಸಂಗತಿ ಬೇಗ ಬಯಲಾಗುತ್ತಿತ್ತು. ಹೊಟ್ಟೆಗೆ ನೀರು ತುಂಬಿದರೆ ಪ್ಯಾಂಟಿನ ಹುಕ್ಕು ಹಾಕಲಾಗದು, ಮನುಷ್ಯ ಗಾಬರಿಯಾಗುತ್ತಾನೆ. ದರ್ಜಿಗೆ ಪ್ಯಾಂಟು ಬಿಗಿಯಾಗುವುದೇ ಇಲ್ಲ. ಬಿಗಿ ಎನಿಸಿದ ಕೂಡಲೇ ಕೈ ತಾನಾಗಿ ಬ್ಲೇಡು ಹುಡುಕುತ್ತದೆ. ಹಿಂಬದಿಯ ಹೊಲಿಗೆ ಬಿಚ್ಚುವುದು, ಒಳಗೆ ಬಿಟ್ಟ ಮಾರ್ಜಿನ್ ಬಟ್ಟೆಯಲ್ಲಿ ಅಷ್ಟು ಈಚೆ ಎಳೆದು ಮತ್ತೆ ಹೊಲಿಯುವುದು, ಟೀ ತಣ್ಣಗಾಗುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಮಾಸ್ಟರು ಬೆಳಿಗ್ಗೆ ಅಂಗಡಿ ತೆರೆದು, ಹೆಂಡತಿ ಮನೆ ಮುಗಿಸಿ ಬರುವಷ್ಟರಲ್ಲಿ, ಈ ಕೆಲಸ ಮಾಡಿಕೊಂಡು, ಪ್ಯಾಂಟಿಗೆ ಇಸ್ತ್ರಿಯನ್ನೂ ತಾವೇ ಹಾಕಿಬಿಡುತ್ತಿದ್ದರು. ಕಾಲಿಗೆ ಚಳಿ ಎಂದು ಮನೆಯಲ್ಲೂ ಕಾಲುಚೀಲ ಬಿಚ್ಚುತ್ತಿರಲಿಲ್ಲ. ತಲೆಗೆ ದಿಂಬಿನ ಮೇಲೆ ದಿಂಬು ಪೇರಿಸಿದರೆ, ಮೇಜಿನ ಮೇಲೆ ಬಗ್ಗಿ ಬಗ್ಗಿ ಬೆನ್ನು ಹಿಡಿದಿದೆ ಎನ್ನುವರು. ಅವರ ಪ್ಯಾಂಟು ಮೈಗೆ ಯಾವಾಗಲೂ ಸರಿಯಾಗಿಯೇ ಕೂತಿರುತ್ತಿತ್ತು. ಕಾಜಮ್ಮ ಅದನ್ನು ನೋಡಿ ನೆಮ್ಮದಿಯಾಗಿದ್ದಳು.

ಒಂದು ಮಧ್ಯಾಹ್ನ ಮಾಸ್ಟರು ಟೀ ಚೆಲ್ಲಿಕೊಂಡು ಪ್ಯಾಂಟು ಬದಲಾಯಿಸಿದರು. ಕಾಜಮ್ಮ ಅದನ್ನು ಒಗೆದು ಒಣಗಿಸಿ, ಮಾರನೆಯ ಬೆಳಿಗ್ಗೆ ಅಂಗಡಿಯ ಇಸ್ತ್ರಿ ಮೇಜಿಗೆ ಹಾಕಿದಳು. ಒಳಮಗ್ಗುಲು ತಿರುಗಿಸಿ ಹಿಂಬದಿಯ ಹೊಲಿಗೆಗೆ ಬಿಸಿ ತಾಗಿಸಿದಾಗ ಕೈ ನಿಂತಿತು. ಹೊಲಿಗೆ ಬಿಚ್ಚಿದರೂ ಸೂಜಿಯ ತೂತು ಬಟ್ಟೆಯಲ್ಲಿ ಉಳಿಯುತ್ತದೆ. ಇಸ್ತ್ರಿ ಪೆಟ್ಟಿಗೆ ಅದನ್ನು ಅಳಿಸಲಾರದು. ಅಲ್ಲಿ ಒಂದರ ಪಕ್ಕ ಒಂದು ತೂತಿನ ಸಾಲುಗಳಿದ್ದವು, ಕೆರೆಯ ದಂಡೆಯಲ್ಲಿ ನೀರು ಏರಿದ ಗುರುತುಗಳ ಹಾಗೆ. ಮೊದಮೊದಲಿನವು ಒತ್ತಾಗಿ, ಆಮೇಲಿನವು ದೂರದೂರವಾಗಿ. ಕೊನೆಗೆ ಮಾರ್ಜಿನ್ನೇ ಮುಗಿದುಹೋಗಿತ್ತು. ಮುಗಿದಲ್ಲಿ ಬೇರೆ ಯಾವುದೋ ಕೋಟಿನ ಬಟ್ಟೆಯ ಮೂಲೆತುಂಡೊಂದನ್ನು ತೇಪೆ ಕೊಟ್ಟು ಸೊಂಟ ಅಗಲಿಸಲಾಗಿತ್ತು.

ತೇಪೆಯನ್ನು ಅವಳು ಬೆಳಕಿಗೆ ಹಿಡಿದು ನೋಡಿದಳು. ಗಿರಾಕಿ ಕೈಮುಗಿದು ಕೇಳಿದರೂ ಮಾಸ್ಟರು ತೇಪೆ ಹಾಕಿದವರಲ್ಲ. ಅದು ತಮ್ಮ ಕೈಗೆ ಬೈಗುಳ ಎನ್ನುತ್ತಿದ್ದವರು.

ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಗಂಡನ ಕಾಲ ಬಳಿ ಕುಕ್ಕರಿಸಿದಳು. ಏನೇ ಇದು, ಗಿರಾಕಿ ಬರೋ ಹೊತ್ತು ಎಂದು ಅವರು ಕಾಲೆಳೆದುಕೊಂಡರು. ಅವಳು ಬಿಡದೆ ಕಾಲುಚೀಲ ಜಗ್ಗಿ ತೆಗೆದು ಹೆಬ್ಬೆರಳು ಒತ್ತಿದಳು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು, ಹಿಟ್ಟಿನ ಮುದ್ದೆಗೆ ಒತ್ತಿದಂತೆ.

"ನೀರಿನ ಮಾತ್ರೆ ಎಲ್ಲಿ?"

ಮಾಸ್ಟರು ಚಿಂದಿ ಬುಟ್ಟಿಯ ಕಡೆ ನೋಡಿದರು. ಅಷ್ಟೇ ಸಾಕಾಯಿತು.

"ಬಿಗಿ ಆಯ್ತು, ಬಿಚ್ಚಿ ಹೊಲಿದೆ. ಅದರಲ್ಲೇನಿದೆ? ಕೈಗೆ ಅಭ್ಯಾಸ," ಎಂದರು. ಇಷ್ಟು ಹೇಳಲೂ ನಡುವೆ ಉಸಿರು ಎಳೆದುಕೊಂಡರು.

"ತೇಪೆ ಹಾಕೋವಾಗ್ಲೂ ಅಭ್ಯಾಸಾನಾ? ಆಗ್ಲೂ ಬುದ್ಧಿ ಬರಲಿಲ್ವಾ ನಿಮಗೆ?"

"ನಿನಗೇನು ಗೊತ್ತೇ? ಕೂತ ಜಾಗದಲ್ಲಿ ಕಾಜಾ ಹಾಕ್ಕೊಂಡಿರ್ತೀಯ. ಅವನ ಅಂಗಡೀಲಿ ಆ ಜನದ ಮುಂದೆ ನಡೆದು ನೋಡು. ಮುದುಕನಿಗೆ ಹಿಡಿತ ತಪ್ಪಿದೆ ಅನ್ನೋ ಹಾಗೆ ನೋಡ್ತಾರೆ. ಹಾಗೆ ಬದುಕೋದಕ್ಕಿಂತ..."

"ಸಾಯೋದೇ ವಾಸಿ ಅಂತೀರಾ? ಸಾಯಿರಿ. ಆದ್ರೆ ಆ ಪ್ಯಾಂಟಲ್ಲಿ ಬೇಡ. ಮಾಸ್ಟರು ತೇಪೆ ಹಾಕಿದ ಪ್ಯಾಂಟಲ್ಲಿ ಹೋದ್ರು ಅಂತ ಜನ ಆಡ್ಕೊಳ್ತಾರೆ."

ಆಡಿದ ಮಾತನ್ನು ಹೊಲಿಗೆಯಂತೆ ಬಿಚ್ಚಲು ಬರುವುದಿಲ್ಲ. ಅವಳು ಬಿಚ್ಚಲು ಹೋಗಲೂ ಇಲ್ಲ. ಮೇಜಿನ ಕೆಳಗಿನ ಸೀಸೆಯನ್ನು ಚೀಲಕ್ಕೆ ಹಾಕಿದಳು, ಗಂಡನ ರಟ್ಟೆ ಹಿಡಿದಳು, ಶಟರ್ ಎಳೆದಳು. ಬೇರುನಾರಣ್ಣ ಬಾಗಿಲಿಗೆ ಬಂದು, ಊತ ಬರುವುದು ಒಳ್ಳೆಯ ಲಕ್ಷಣ, ಕೆಟ್ಟ ನೀರು ಹೊರಡುವ ಮುಂಚೆ ಒಂದು ಕಡೆ ಸೇರುತ್ತದೆ, ಈಗ ಆಸ್ಪತ್ರೆಗೆ ಹೋದರೆ ಮಾಡಿದ್ದೆಲ್ಲ ಹಾಳು ಎಂದ. ಅವಳು ಅವನ ಕಡೆ ತಿರುಗದೆ ಆಟೋಗೆ ಕೈ ತೋರಿಸಿದಳು. ಮಾಸ್ಟರು ಮೂರು ಸಲ ನಿಂತು ಉಸಿರು ಸುಧಾರಿಸಿಕೊಂಡು ಆಟೋ ತಲುಪಿದರು.

ಆಸ್ಪತ್ರೆಯಲ್ಲಿ ತಕ್ಷಣ ಮೂಗಿಗೆ ಗಾಳಿ, ಕೈಗೆ ಸೂಜಿ. ರಕ್ತ ತೆಗೆದುಕೊಂಡು ಹೋದರು, ಎದೆಗೆ ತಂತಿ ಅಂಟಿಸಿದರು. ಡಾಕ್ಟರಮ್ಮನ ಮುಖ ಬಿಗಿಯಿತು. ಮಾತ್ರೆ ಬಿಟ್ಟದ್ದಷ್ಟೇ ಆಗಿದ್ದರೆ ಇಷ್ಟು ಆಗುತ್ತಿರಲಿಲ್ಲ, ಹೃದಯದ ಬಡಿತವೂ ದಾರಿ ತಪ್ಪುತ್ತಿದೆ, ಇನ್ನೇನು ತಿಂದಿದ್ದೀರಿ ಎಂದು ಕೇಳಿದರು. ಕಾಜಮ್ಮ ಸೀಸೆ ಮುಂದಿಟ್ಟಳು. ಅದರ ಮೇಲೆ ಉದಯಿಸುವ ಸೂರ್ಯನ ಚಿತ್ರವೂ 'ಪ್ರಕೃತಿಯಿಂದ' ಎಂಬ ಮಾತೂ ಇದ್ದವೇ ಹೊರತು ಒಳಗೇನಿದೆ ಎಂದು ಇರಲಿಲ್ಲ. ಇದರಲ್ಲೇನಿದೆಯೆಂದು ತಿಳಿದರೆ ಮುಂದಿನ ದಾರಿ ಬೇಗ ಸಿಗುತ್ತದೆ ಎಂದರು ಡಾಕ್ಟರಮ್ಮ.

ಕಾಜಮ್ಮ ಅಲ್ಲೇ ಬೇರುನಾರಣ್ಣನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದಳು. ಹಾಸಿಗೆಯ ಮೇಲೆ ಮಾಸ್ಟರು ಬೇಡವೆಂದು ಕೈಯಾಡಿಸಿದರು. ಅಕ್ಕಪಕ್ಕದ ಹಾಸಿಗೆಯವರು ಕತ್ತು ಉದ್ದ ಮಾಡಿದರು. ಆ ಕಷಾಯಕ್ಕೆ ಏನೇನು ಹಾಕುತ್ತೀಯ ಹೇಳು ಎಂದು ಕೇಳಿದಳು. ಅವನು ಅದೆಲ್ಲ ಹೊರಗೆ ಹೇಳುವುದಲ್ಲ, ನಮ್ಮ ತಾತ ಕಟ್ಟಿದ ಮದ್ದು, ಮನೆತನದ ಗುಟ್ಟು ಎಂದ. ಹೇಳಿದರೆ ನಾಳೆ ಎದುರು ಬೀದಿಯವನು ಕಾಯಿಸಿ ಮಾರುತ್ತಾನೆ ಎಂದ.

"ಹಾಗಾದ್ರೆ ಬಿಡು. ಇವರು ಹೋದ್ಮೇಲೆ ನಿಮ್ಮ ತಾತನ್ನೇ ಹುಡುಕಿ ಕೇಳ್ಕೋತಾರೆ. ನಿನ್ನ ಹೆಸರು ಹೇಳಿ ಅಂತ ಕಿವೀಲಿ ಹೇಳಿ ಕಳಿಸ್ತೀನಿ."

ಬೇರುನಾರಣ್ಣ ಗಂಟಲು ಸರಿಮಾಡಿಕೊಂಡು ಒಂದೊಂದಾಗಿ ಹೇಳತೊಡಗಿದ, ಮೊದಲು ಗತ್ತಿನಿಂದ, ಆಮೇಲೆ ತಗ್ಗಿದ ದನಿಯಲ್ಲಿ. ಯಾವುದೋ ತೊಗಟೆ, ಶುಂಠಿ, ಇನ್ಯಾವುದೋ ಹೂವು. ಅತಿಮಧುರದ ಬೇರು ಎಂದಾಗ ಡಾಕ್ಟರಮ್ಮ ಕೈಯೆತ್ತಿದರು. ಎಷ್ಟು ಎಂದು ಕೇಳಿದರು. ಸಿಹಿಯಾಗಲಿ, ಕುಡಿಯಲು ಹಿತವಾಗಲಿ ಅಂತ ಅದೇ ಜಾಸ್ತಿ ಎಂದ.

ಡಾಕ್ಟರಮ್ಮ ಯಾರನ್ನೂ ಬೈಯಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಆ ಬೇರು ಕೆಮ್ಮಿನವನಿಗೆ ನಾಲ್ಕು ದಿನ ಕೊಟ್ಟರೆ ಅಡ್ಡಿಯಿಲ್ಲದಿರಬಹುದು, ಆದರೆ ದಿನಾ ಕುಡಿದರೆ ಮೈಯಲ್ಲಿ ಉಪ್ಪನ್ನೂ ನೀರನ್ನೂ ಕಟ್ಟಿ ನಿಲ್ಲಿಸುತ್ತದೆ, ಹೃದಯದ ಬಡಿತಕ್ಕೆ ಬೇಕಾದ ಇನ್ನೊಂದು ಉಪ್ಪನ್ನು ಹೊರಗೆ ತಳ್ಳುತ್ತದೆ ಎಂದರು. ಒಂದು ಕಡೆ ನೀರು ಹೊರಹಾಕುವ ಮಾತ್ರೆ ಬಿಟ್ಟಿದ್ದೀರಿ, ಇನ್ನೊಂದು ಕಡೆ ನೀರು ಹಿಡಿದಿಡುವ ಬೇರು ಕುಡಿದಿದ್ದೀರಿ. ಗಿಡದ್ದಾದರೂ ಮದ್ದು ಮದ್ದೇ, ಕೆಲಸ ಮಾಡುತ್ತದೆ ಅಂದ ಮೇಲೆ ಕೆಡುಕನ್ನೂ ಮಾಡಬಲ್ಲದು, ತಿನ್ನುವ ಮುಂಚೆ ಕೇಳಿ ಎಂದರು. ಫೋನಿನಲ್ಲಿ ಬೇರುನಾರಣ್ಣ ನಮ್ಮ ತಾತನ ಕಾಲದಿಂದ ಎಷ್ಟೋ ಜನ ಕುಡಿದಿದ್ದಾರೆ, ಒಬ್ಬರೂ ದೂರಲಿಲ್ಲ ಎಂದು ಶುರುಮಾಡಿದ. ದೂರಲು ಉಳಿದಿದ್ದರಲ್ಲವೇ ಎಂದು ಪಕ್ಕದ ಹಾಸಿಗೆಯ ಅಜ್ಜಿ ಮುಲುಗಿತು. ಕಾಜಮ್ಮ ಫೋನು ಕಟ್ ಮಾಡಿದಳು.

ಆಮೇಲೆ ಡಾಕ್ಟರಮ್ಮ ಮಾಸ್ಟರ ಕಡೆ ತಿರುಗಿ ಮಾತ್ರೆ ಯಾಕೆ ಬಿಟ್ಟಿರಿ ಎಂದು ಕೇಳಿದರು. ಮಾಸ್ಟರು ಸೂರು ನೋಡಿದರು. ಕಾಜಮ್ಮನೇ ಪಾಯಿಖಾನೆಯ ಕತೆ ಹೇಳಿದಳು, ಇಡೀ ವಾರ್ಡು ಕೇಳುವಂತೆ. ಡಾಕ್ಟರಮ್ಮ ಕೇಳಿಸಿಕೊಂಡು, ಅಷ್ಟು ಹೇಳಿದ್ದರೆ ಮಾತ್ರೆಯ ಹೊತ್ತನ್ನೇ ಬದಲಾಯಿಸಿ ಕೊಡುತ್ತಿದ್ದೆನಲ್ಲ ಎಂದರು. ಈಗ ಮಾತ್ರ ಬೇರೆ ದಾರಿಯಿಲ್ಲ, ಊತ ಪೂರ್ತಿ ಇಳಿಯುವವರೆಗೆ ಬೆಳಿಗ್ಗೆ, ಮಧ್ಯಾಹ್ನ ಎರಡು ಹೊತ್ತು ನುಂಗಬೇಕು, ಅಂಗಡಿಯ ವೇಳೆಯಲ್ಲೂ ಓಡಬೇಕು. ಇಳಿದ ಮೇಲೆ ಮುಂಜಾನೆ ಬೇಗ ಒಂದೇ ಮಾತ್ರೆ ಮಾಡೋಣ, ಅಂಗಡಿ ತೆರೆಯುವಷ್ಟರಲ್ಲಿ ಓಡಾಟ ಮುಗಿದಿರುತ್ತದೆ. ಈ ಸಲದಂತೆ ಇನ್ನೊಮ್ಮೆ ಬಿಟ್ಟರೆ ಮಾತ್ರ ನಾನು ಭರವಸೆ ಕೊಡಲಾರೆ ಎಂದರು.

ಮಾಸ್ಟರು ಉಳಿದರು. ನೀರು ಬಹುಪಾಲು ಇಳಿದು, ಮುಖದ ಮೂಳೆ ಕಾಣಿಸಿಕೊಂಡು ಮನೆಗೆ ಬಂದರು. ಆದರೆ ಹೆಂಡತಿಯ ಜೊತೆ ಮಾತು ಬಿಟ್ಟಿದ್ದರು. ಜೀವ ಉಳಿಸಿದ್ದಕ್ಕಲ್ಲ, ವಾರ್ಡಿನ ತುಂಬ ತಮ್ಮ ಮಾನ ಹರಡಿದ್ದಕ್ಕೆ. ಅವಳೂ ಓಲೈಸಲು ಹೋಗಲಿಲ್ಲ. ತೂಕದ ಯಂತ್ರ ತಂದು ಬಚ್ಚಲ ಬಾಗಿಲಲ್ಲಿಟ್ಟಳು. ಅವರು ಮುಖ ತಿರುಗಿಸಿಕೊಂಡೇ ಅದರ ಮೇಲೆ ಹತ್ತುವರು, ಅವಳು ಬಗ್ಗಿ ನೋಡುವಳು, ಅವರು ಇಳಿಯುವರು. ಬೆಳಗಿನ ಮಾತ್ರೆಯನ್ನು ಅವಳೇ ನಾಲಿಗೆಯ ಮೇಲಿಟ್ಟು, ಬಾಯಿ ತೆಗೆಸಿ, ಇಲ್ಲವಾದದ್ದನ್ನು ಕಂಡ ಮೇಲೇ ಲೋಟ ತೆಗೆದುಕೊಳ್ಳುವಳು. ಅಂಗಡಿ ಮತ್ತೆ ತೆರೆಯುವ ಸಿದ್ಧತೆಗೆ ಬೇಕಾದ್ದೆಲ್ಲ ಗೋಡೆಗೆ ಹೇಳಿದಂತೆ ಹೇಳಿಕೊಳ್ಳುವರು. ಕಪ್ಪು ನೂಲು ಮುಗಿದಿದೆ ಎಂದು ಮಾಸ್ಟರು ಗೋಡೆಗೆ ಹೇಳುವರು. ಗೋಡೆಗೆ ಕಣ್ಣಿದ್ದರೆ ಎರಡನೇ ಡಬ್ಬಿಯಲ್ಲಿ ನೋಡಲಿ ಎಂದು ಅವಳೂ ಗೋಡೆಗೇ ಉತ್ತರಿಸುವಳು.

ಅವಳಿಗೆ ಅಂಜಿಕೆ ಇದ್ದದ್ದು ಮಧ್ಯಾಹ್ನದ ಮಾತ್ರೆಯದು. ಊಟಕ್ಕೆ ಮನೆಗೆ ಬಂದಾಗ ನುಂಗಿಸಬಹುದು. ಓಡಬೇಕಾದ ಹೊತ್ತಿಗೆ ಈ ಮನುಷ್ಯ ಮಾನಕ್ಕಂಜಿ ಕೂತುಬಿಟ್ಟರೆ? ನಾಳೆಯಿಂದ ಮಾತ್ರೆಯನ್ನು ನಾಲಿಗೆಯಡಿ ಬಚ್ಚಿಡಲು ಕಲಿತರೆ? ಕಳ್ಳನಾಗಲು ಮನಸ್ಸು ಮಾಡಿದವನಿಗೆ ಬಾಯಿ ತೆರೆಸಿ ನೋಡುವುದು ಯಾವ ಕಾವಲು?

ಅಂಗಡಿ ತೆರೆದ ದಿನವೇ ಮಧ್ಯಾಹ್ನ ಊಟದ ಮೇಲೆ ವಕೀಲರು ಕೋಟಿನ ಟ್ರಯಲ್ಲಿಗೆ ಬಂದರು. ದೊಡ್ಡ ಗಿರಾಕಿ. ನಗುವುದೂ ದೊಡ್ಡದೇ. ಮಾಸ್ಟರು ಅವರ ಮೈಗೆ ಕೋಟಿನ ತುಂಡುಗಳನ್ನು ಹೊಂದಿಸಿ, ಕಂಕುಳಿಂದ ತೋಳಿನವರೆಗೆ ಗುಂಡುಪಿನ್ನು ಸಿಕ್ಕಿಸುತ್ತಿದ್ದರು. ಪಕ್ಕದಲ್ಲಿ ಬೇರುನಾರಣ್ಣನ ಅಂಗಡಿ ತುಂಬಿತ್ತು. ಆಸ್ಪತ್ರೆಯ ಸುದ್ದಿಯಿಂದ ಅವನ ವ್ಯಾಪಾರ ಒಂದಿಷ್ಟೂ ಕುಂದಿರಲಿಲ್ಲ. ಮಾಸ್ಟರು ಪಥ್ಯ ತಪ್ಪಿದರು ಎಂದು ಅವನು ಎಲ್ಲರಿಗೂ ಹೇಳಿ ಮುಗಿಸಿದ್ದ.

ಮಾಸ್ಟರ ಕೈ ನಿಧಾನವಾದದ್ದನ್ನು ಕಾಜಮ್ಮ ಕಂಡಳು. ಅವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ಗೋಡೆಯ ಕಡೆ ನೋಡಿದರು. ವಕೀಲರು ಕೋರ್ಟಿನ ಯಾವುದೋ ತಮಾಷೆ ಹೇಳುತ್ತಿದ್ದರು. ಕಾಜಮ್ಮ ಸೂಜಿ ಹಿಡಿದ ಕೈಯನ್ನು ತೊಡೆಯ ಮೇಲಿಟ್ಟು ಕೂತಳು. ಹೋಗಿ ಬನ್ನಿ ಎಂಬ ಮಾತು ಗಂಟಲಿಗೆ ಬಂದಿತ್ತು. ಆಡಿದರೆ ಹೋಗುವುದಿಲ್ಲ ಈ ಮನುಷ್ಯ, ಹಟಕ್ಕೆ ಬಿದ್ದು ಇಲ್ಲೇ ನಿಲ್ಲುತ್ತದೆ. ಅವಳು ನುಂಗಿಕೊಂಡಳು.

ಮಾಸ್ಟರು ಬಾಯಲ್ಲಿ ಕಚ್ಚಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು.

"ವಕೀಲರೇ, ಎರಡೂ ಕೈ ಚಾಚಿ ಹೀಗೇ ನಿಂತಿರಿ. ನನಗೆ ಹೃದಯದ ಕಾಯಿಲೆ, ನೀರಿನ ಮಾತ್ರೆ ನುಂಗಿದೀನಿ, ಮೂತ್ರಕ್ಕೆ ಹೋಗ್ಬೇಕು. ನಗೋದಾದ್ರೆ ನಿಧಾನಕ್ಕೆ ನಗಿ. ಕಂಕುಳಲ್ಲಿ ಪಿನ್ನಿದೆ."

ವಕೀಲರ ಬಾಯಿ ತೆರೆದದ್ದು ಹಾಗೇ ನಿಂತಿತು. ಮಾಸ್ಟರು ಟೇಪು ಕುತ್ತಿಗೆಯಲ್ಲಿರುವಂತೆಯೇ ಹೊರಟರು. ಪಕ್ಕದ ಅಂಗಡಿಯಲ್ಲಿ ಮಾತು ತಟ್ಟನೆ ನಿಂತದ್ದು, ಬೇರುನಾರಣ್ಣನ ಸ್ಟೂಲು ಕಿರುಗುಟ್ಟಿದ್ದು, ಅವನು ಏನೋ ಹೇಳಲು ಗಂಟಲು ಸರಿಮಾಡಿಕೊಂಡದ್ದು ಎಲ್ಲ ಗೋಡೆಯಾಚೆಯಿಂದ ಕೇಳಿಸಿತು.

"ದಾರಿ ಬಿಡೋ," ಎಂದರು ಮಾಸ್ಟರು, ಅಳತೆ ಕೂಗುವ ದನಿಯಲ್ಲೇ.

ಸ್ಟೂಲು ಸರಿಯಿತು. ಹಿಂದಿನ ಬಾಗಿಲು ತೆರೆದು ಮುಚ್ಚಿತು. ಕಾಜಮ್ಮ ತಲೆ ತಗ್ಗಿಸಿ ಕಾಜಾಕ್ಕೆ ಸೂಜಿ ಹಾಕಿದಳು. ವಕೀಲರು ತೋಳು ಸೋತು, ಅಮ್ಮಾ, ಸ್ವಲ್ಪ ಕೈ ಇಳಿಸಬಹುದಾ ಎಂದು ಕೇಳಿದರು. ಅವಳು ಕೇಳಿಸಲೇ ಇಲ್ಲವೆಂಬಂತೆ ನೂಲು ಎಳೆಯುತ್ತ ಕೂತಳು.